ಅನಾರೋಗ್ಯದ ಕಾರಣಕ್ಕೆ ಕೈದಿಗಳ ಬಿಡುಗಡೆ

ಶಿಕ್ಷೆಯ ಅವಧಿ ಮುಗಿಯುವ ಮೊದಲೇ, ಕಾಯಿಲೆಯ ಕಾರಣಕ್ಕೆ ಕೈದಿಯನ್ನು ಮನೆಗೆ ಕಳಿಸಲು ಭಾರತದ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದು ಒಂದೇ ಕಾಯ್ದೆಯ ಒಂದೇ ಕಲಮಿನಲ್ಲಿ ಸಿಗುವುದಿಲ್ಲ. ಸ್ವಲ್ಪ ಭಾಗ ಸಂವಿಧಾನದಲ್ಲಿದೆ, ಸ್ವಲ್ಪ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಉಳಿದದ್ದು ಆಯಾ ರಾಜ್ಯದ ಕಾರಾಗೃಹ ನಿಯಮಗಳಲ್ಲಿ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಕಾರಾಗೃಹ ರಾಜ್ಯದ ವಿಷಯ. ಆದ್ದರಿಂದ ರಾಜ್ಯದ ಗಡಿ ದಾಟಿದರೆ ಜೈಲಿನ ನಿಯಮವೂ ಬದಲಾಗುತ್ತದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಪುಣಜನೂರು ಚೆಕ್‌ಪೋಸ್ಟ್ ಇದೆ. ಅದರ ಈಚೆಗೆ ಕರ್ನಾಟಕ, ಆಚೆಗೆ ತಮಿಳುನಾಡು. ಕಾಡು ಒಂದೇ, ತಾಳವಾಡಿ ಸೀಮೆಯವರೆಗೂ ಕೇಳುವ ಮಾತು ಕನ್ನಡವೇ, ನೆಂಟಸ್ತಿಕೆಯೂ ಎರಡೂ ಕಡೆಗಿದೆ. ಆದರೂ ಒಂದೇ ಕಾಯಿಲೆಯ ಇಬ್ಬರು ಕೈದಿಗಳ ಕಡತಗಳು ಎರಡು ಬೇರೆ ಸರ್ಕಾರಗಳ ಮುಂದೆ, ಎರಡು ಬೇರೆ ನಿಯಮಗಳಡಿ ನಡೆಯುತ್ತವೆ.

ಈ ಕಾಡಿನ ಪ್ರಕರಣವೊಂದು ಇಡೀ ವಿಷಯವನ್ನು ತಿಳಿಯಾಗಿ ತೋರಿಸುತ್ತದೆ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿತು. ಅವನನ್ನು ಹುಡುಕಿ ಹೊರಟಿದ್ದ ಪೊಲೀಸರು, ಅರಣ್ಯ ಸಿಬ್ಬಂದಿ ಮತ್ತು ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಆ ಬಳಿಕ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದ ಅವರಲ್ಲಿ ಹೆಚ್ಚಿನವರನ್ನು 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನಿರ್ದೋಷಿಗಳೆಂದು ಬಿಟ್ಟಿತು. ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ ಮತ್ತು ಬಿಲವೇಂದ್ರನ್ ಎಂಬ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿಯ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಅದನ್ನು ಮರಣದಂಡನೆಗೆ ಏರಿಸಿತು.

ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನಕ್ಕೆ ಹೋಯಿತು. ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ, ಒಂಬತ್ತು ವರ್ಷಗಳ ನಂತರ. ಅರ್ಜಿ ತಿರಸ್ಕೃತವಾಗಿತ್ತು. ಆಗ ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಗಲ್ಲಿಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಈ ನಾಲ್ವರೂ ಸೇರಿ ಹದಿನೈದು ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿಯನ್ನು ವರ್ಷಗಟ್ಟಲೆ ಕಾರಣವಿಲ್ಲದೆ ಇಟ್ಟುಕೊಳ್ಳುವುದು ಹಿಂಸೆಯೇ ಎಂದು ನ್ಯಾಯಾಲಯ ಹೇಳಿತು. ಮಾನಸಿಕ ಕಾಯಿಲೆಯನ್ನೂ ಮರಣದಂಡನೆ ಇಳಿಸಲು ಒಂದು ಕಾರಣವಾಗಿ ಒಪ್ಪಿಕೊಂಡಿತು. ಕೈದಿಯ ದೇಹ ಮತ್ತು ಮನಸ್ಸಿನ ಸ್ಥಿತಿ ಶಿಕ್ಷೆಯ ಲೆಕ್ಕಾಚಾರದಿಂದ ಹೊರಗಿನ ಸಂಗತಿಯಲ್ಲ ಎಂಬುದು ಇಲ್ಲಿ ಖಚಿತವಾಯಿತು.

ಆ ನಾಲ್ವರಲ್ಲಿ ಜ್ಞಾನಪ್ರಕಾಶ್ ಹನೂರು ತಾಲ್ಲೂಕಿನ ಮಾರ್ಟಳ್ಳಿ ಬಳಿಯ ಸಂದನಪಾಳ್ಯದವರು. ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಸುಪ್ರೀಂ ಕೋರ್ಟ್ ಮಾನವೀಯ ನೆಲೆಯಲ್ಲಿ ಜಾಮೀನು ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಮೈಸೂರು ಕೇಂದ್ರ ಕಾರಾಗೃಹದಿಂದ ಹೊರಬಂದಾಗ ಅವರು ಒಳಗೆ ಕಳೆದದ್ದು 29 ವರ್ಷ. ಶಿಕ್ಷೆ ರದ್ದಾಗಿರಲಿಲ್ಲ, ಅಪರಾಧ ಮಾಫಿಯಾಗಿರಲಿಲ್ಲ, ಸರ್ಕಾರ ಅವಧಿಪೂರ್ವ ಬಿಡುಗಡೆಯನ್ನೂ ಕೊಟ್ಟಿರಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ ತಂದ ಜಾಮೀನು ಅದು. ಕ್ಯಾನ್ಸರ್ ಬಂದ ವೃದ್ಧ ಕೈದಿಯ ಅರ್ಜಿ ದೆಹಲಿಯಲ್ಲಿ ತೀರ್ಮಾನವಾಗಬೇಕಾಯಿತು ಎಂಬುದೇ, ಕೆಳಗಿನ ಹಂತಗಳಲ್ಲಿ ಇದಕ್ಕೆ ಸರಿಯಾದ ದಾರಿ ಇಲ್ಲ ಎನ್ನುವುದಕ್ಕೆ ಸಾಕ್ಷಿ.

ಅದೇ 2022ರ ಮೇ ತಿಂಗಳಲ್ಲಿ, ಗಡಿಯ ಆಚೆ, ವೀರಪ್ಪನ್‌ನ ಅಣ್ಣ ಮಾದಯ್ಯನ್ ಸೇಲಂನ ಸರ್ಕಾರಿ ಆಸ್ಪತ್ರೆಯಲ್ಲಿ ಕೈದಿಯಾಗಿಯೇ ತೀರಿಕೊಂಡರು. ಅರಣ್ಯಾಧಿಕಾರಿಯೊಬ್ಬರ ಕೊಲೆ ಪ್ರಕರಣದಲ್ಲಿ ಅವರು 1987ರಲ್ಲಿ ಬಂಧಿತರಾಗಿದ್ದರು. ಪ್ರಕರಣಗಳು ಬೇರೆ, ಅಪರಾಧಗಳು ಬೇರೆ. ಆದರೂ ಒಂದೇ ಕಾಡಿನ ಅಂಚಿನ ಇಬ್ಬರು ವೃದ್ಧರು ಮೂವತ್ತು ವರ್ಷದಷ್ಟು ಕಾಲ ಒಳಗಿದ್ದು, ಒಬ್ಬರು ಕೊನೆಗಾಲದಲ್ಲಿ ಹೊರಬಂದದ್ದು, ಇನ್ನೊಬ್ಬರು ಬಾರದೇ ಹೋದದ್ದು ಒಂದೇ ವರ್ಷದಲ್ಲಿ ನಡೆಯಿತು.

ಕಾನೂನಿನ ದಾರಿಗಳನ್ನು ಒಂದೊಂದಾಗಿ ನೋಡಬೇಕು. ವಿಚಾರಣೆ ಇನ್ನೂ ನಡೆಯುತ್ತಿರುವ ಕೈದಿಗೆ ಇರುವುದು ಜಾಮೀನಿನ ದಾರಿ. ಆರೋಪ ಎಷ್ಟೇ ಗಂಭೀರವಾಗಿದ್ದರೂ ಆರೋಪಿ ಕಾಯಿಲೆಯವನೋ ಅಶಕ್ತನೋ ಆಗಿದ್ದರೆ ಜಾಮೀನು ಕೊಡಬಹುದು ಎಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ 437ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಅದನ್ನೇ ಉಳಿಸಿಕೊಂಡಿದೆ. ಶಿಕ್ಷೆಯಾಗಿ ಮೇಲ್ಮನವಿ ಬಾಕಿ ಇರುವವರಿಗೆ, ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಬಹುದು. ಮೇಲ್ಮನವಿಯೂ ಮುಗಿದ ಸಜಾಬಂದಿಗೆ ಉಳಿಯುವುದು ಮುಖ್ಯವಾಗಿ ಸರ್ಕಾರದ ಬಾಗಿಲು. ಹಳೆಯ ಸಂಹಿತೆಯ 432ನೇ ಕಲಂ, ಅಂದರೆ ಹೊಸದರ 473, ಶಿಕ್ಷೆಯ ಉಳಿದ ಭಾಗವನ್ನು ಮಾಫಿ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಪೆರೋಲ್ ಬೇರೆ. ಅದು ಕಾರಾಗೃಹ ನಿಯಮಗಳ ಪ್ರಕಾರ ಕೆಲವು ದಿನಗಳ ಮಟ್ಟಿಗೆ ಸಿಗುವ ರಜೆ. ದಿನ ಮುಗಿದ ಕೂಡಲೇ ಕೈದಿ ಜೈಲಿಗೆ ಮರಳಬೇಕು.

ಜೀವಾವಧಿ ಕೈದಿಗೆ ಇಲ್ಲೊಂದು ದೊಡ್ಡ ತಡೆ ಇದೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ, ಹದಿನಾಲ್ಕು ವರ್ಷ ಜೈಲಿನಲ್ಲಿ ಕಳೆಯದೆ ಬಿಡುಗಡೆ ಇಲ್ಲ ಎಂದು ಹಳೆಯ ಸಂಹಿತೆಯ 433ಎ ಕಲಂ ಹೇಳುತ್ತಿತ್ತು. ಹೊಸ ಸಂಹಿತೆಯ 475 ಕೂಡ ಅದನ್ನೇ ಹೇಳುತ್ತದೆ. ಈ ಕಲಂ ಕಾಯಿಲೆಗೆ ವಿನಾಯಿತಿ ಕೊಟ್ಟಿಲ್ಲ. ಐದನೇ ವರ್ಷದಲ್ಲಿ ಮೂತ್ರಪಿಂಡ ಎರಡೂ ಕೆಟ್ಟ ಕೈದಿಯಾದರೂ ಈ ದಾರಿಯಲ್ಲಿ ಇನ್ನೂ ಒಂಬತ್ತು ವರ್ಷ ಕಾಯಬೇಕು. ಅಂಥವನಿಗೆ ಉಳಿಯುವುದು ಸಂವಿಧಾನದ 161ನೇ ವಿಧಿ ರಾಜ್ಯಪಾಲರಿಗೂ 72ನೇ ವಿಧಿ ರಾಷ್ಟ್ರಪತಿಗೂ ಕೊಟ್ಟಿರುವ ಕ್ಷಮಾದಾನದ ಅಧಿಕಾರ. ಹದಿನಾಲ್ಕು ವರ್ಷದ ಕಟ್ಟು ಈ ಅಧಿಕಾರಕ್ಕೆ ಅನ್ವಯಿಸುವುದಿಲ್ಲ ಎಂದು 1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ರಾಜ್ಯಪಾಲರು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು. ಸಲಹೆ ಹೋದ ಮೇಲೂ ಕಡತ ರಾಜಭವನದಲ್ಲಿ ಕೂರುವುದುಂಟು. ತಮಿಳುನಾಡಿನ ಜೀವಾವಧಿ ಕೈದಿ ಪೇರರಿವಾಳನ್ ಅವರ ಪ್ರಕರಣದಲ್ಲಿ ಹಾಗೆಯೇ ಆಯಿತು. 2022ರ ಮೇ 18ರಂದು ಸುಪ್ರೀಂ ಕೋರ್ಟ್ ತನ್ನ 142ನೇ ವಿಧಿಯ ಅಧಿಕಾರ ಬಳಸಿ ಅವರನ್ನು ಬಿಡುಗಡೆ ಮಾಡಬೇಕಾಯಿತು.

ಕೇಂದ್ರ ಸರ್ಕಾರವೂ ಆಗಾಗ ವಿಶೇಷ ಸಜಾ ಮಾಫಿ ಘೋಷಿಸುತ್ತದೆ. ಗಾಂಧೀಜಿಯವರ 150ನೇ ಜಯಂತಿಯ ನೆನಪಿಗೆ 2018ರ ಅಕ್ಟೋಬರ್‌ನಿಂದ 2019ರ ಅಕ್ಟೋಬರ್‌ವರೆಗೆ ಮೂರು ಹಂತಗಳಲ್ಲಿ ಕೈದಿಗಳನ್ನು ಬಿಡುವ ಯೋಜನೆ ಬಂತು. ವಯಸ್ಸಾದವರು, ಹೆಚ್ಚಿನ ಅಂಗವೈಕಲ್ಯ ಇರುವವರು ಮತ್ತು ಗುಣವಾಗದ ಕಾಯಿಲೆಯಲ್ಲಿ ಕೊನೆಯ ಹಂತ ತಲುಪಿದವರು ಅದರ ವ್ಯಾಪ್ತಿಯಲ್ಲಿದ್ದರು. ಆದರೆ ಟಾಡಾ, ಪೋಟಾ, ಯುಎಪಿಎ ಮುಂತಾದ ಕಾಯ್ದೆಗಳಡಿ ಶಿಕ್ಷೆಯಾದವರನ್ನು ಕಾಯಿಲೆ ಯಾವುದೆಂದು ನೋಡದೆಯೇ ಹೊರಗಿಡಲಾಯಿತು. ಪಾಲಾರ್ ಪ್ರಕರಣದವರಿಗೆ ಈ ಬಾಗಿಲು ಮುಚ್ಚಿದ್ದು ಹೀಗೆ. ಕೇಂದ್ರ ಸರ್ಕಾರದ ಕಾರ್ಯಾಧಿಕಾರದ ವ್ಯಾಪ್ತಿಗೆ ಬರುವ ವಿಷಯದ ಕಾಯ್ದೆಯಡಿ ಶಿಕ್ಷೆಯಾದವರ ವಿಷಯದಲ್ಲಿ ರಾಜ್ಯ ಸರ್ಕಾರವೊಂದೇ ತೀರ್ಮಾನಿಸುವಂತೆಯೂ ಇಲ್ಲ. ಹಾಸಿಗೆಯಿಂದ ಏಳಲಾಗದವನ ವಿಷಯದಲ್ಲಿ, ಇಪ್ಪತ್ತೈದು ವರ್ಷದ ಹಿಂದೆ ಅವನ ಮೇಲೆ ಹೊರಿಸಿದ ಕಾಯ್ದೆ ಯಾವುದು ಎನ್ನುವುದಕ್ಕಿಂತ ಅವನಿಂದ ಇಂದು ಯಾರಿಗಾದರೂ ಅಪಾಯವಿದೆಯೇ ಎನ್ನುವುದು ಮುಖ್ಯವಾಗಬೇಕು. ಈ ಎರಡನೆಯ ಪ್ರಶ್ನೆಗೆ ಯೋಜನೆಯಲ್ಲಿ ಜಾಗವೇ ಇರಲಿಲ್ಲ.

ತಡವಾದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಆಂತರಿಕ ಭದ್ರತೆಯ ಮೀಸಾ ಕಾಯ್ದೆಯಡಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಅವರಿಗೆ ತೀವ್ರವಾದ ಅಸ್ತಮಾ ಇತ್ತು. ಅಲ್ಲಿನ ಪರಿಸ್ಥಿತಿಯಲ್ಲಿ, ಸರಿಯಾದ ಆರೈಕೆಯಿಲ್ಲದೆ, ಕಾಯಿಲೆ ತಿಂಗಳು ತಿಂಗಳಿಗೂ ಏರಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಇದಕ್ಕೂ ಮೊದಲು, 1975ರ ನವೆಂಬರ್‌ನಲ್ಲಿ, ಜಯಪ್ರಕಾಶ್ ನಾರಾಯಣ್ ಅವರನ್ನು ಚಂಡೀಗಢದಿಂದ ಪೆರೋಲ್ ಮೇಲೆ ಬಿಟ್ಟಾಗಲೂ ಅವರ ಮೂತ್ರಪಿಂಡಗಳು ಕೆಟ್ಟುಹೋಗಿದ್ದವು. ಕೈದಿ ತಮ್ಮ ವಶದಲ್ಲಿ ಸತ್ತರೆ ಹೆಸರು ಕೆಡುತ್ತದೆ ಎಂಬ ಭಯದಲ್ಲಿ ಕೊನೆಗಳಿಗೆಯಲ್ಲಿ ಬಾಗಿಲು ತೆಗೆಯುವುದನ್ನು ದಯೆ ಎಂದು ಕರೆಯಲಾಗದು. ಸ್ನೇಹಲತಾ ಅವರಿದ್ದ ಆ ಜೈಲಿನ ಜಾಗ ಈಗ ಬೆಂಗಳೂರಿನ ಫ್ರೀಡಂ ಪಾರ್ಕ್.

ನಾಲ್ಕು ದಶಕ ಕಳೆದ ಮೇಲೂ ಇಂಥದ್ದು ನಡೆಯಿತು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿ ವರ್ಷಗಟ್ಟಲೆ ದುಡಿದಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರ್‌ನಲ್ಲಿ ಯುಎಪಿಎ ಅಡಿ ಬಂಧಿಸಿ ಮಹಾರಾಷ್ಟ್ರದ ತಲೋಜ ಜೈಲಿನಲ್ಲಿ ಇಡಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೇಳಬೇಕಾಯಿತು. ವೈದ್ಯಕೀಯ ಜಾಮೀನನ್ನು ವಿಶೇಷ ನ್ಯಾಯಾಲಯ ನಿರಾಕರಿಸಿತು. ಹೈಕೋರ್ಟ್‌ನಲ್ಲಿ ಅರ್ಜಿ ಬಾಕಿ ಇರುವಾಗಲೇ, 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ ಮುಂಬೈನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಿಚಾರಣೆ ಆರಂಭವೂ ಆಗಿರಲಿಲ್ಲ. ಅದೇ ಪ್ರಕರಣದಲ್ಲಿ ತೆಲುಗು ಕವಿ ವರವರ ರಾವ್ ಅವರಿಗೆ ವೈದ್ಯಕೀಯ ಕಾರಣಕ್ಕೆ ಜಾಮೀನು ಸಿಕ್ಕಿತು. ಒಂದೇ ಪ್ರಕರಣ, ಒಂದೇ ಕಾಯ್ದೆ, ಫಲ ಮಾತ್ರ ಬೇರೆ.

ಈ ಅವಕಾಶ ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಹಳೆಯದು. ಅದನ್ನು ತಳ್ಳಿಹಾಕುವಂತಿಲ್ಲ. ಕೊಲೆ ಪ್ರಕರಣದ ಆರೋಪಿಯಾಗಿ ಬಳ್ಳಾರಿ ಜೈಲಿನಲ್ಲಿದ್ದ ನಟ ದರ್ಶನ್ ಅವರಿಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆಗೆಂದು 2024ರ ಅಕ್ಟೋಬರ್ 30ರಂದು ಕರ್ನಾಟಕ ಹೈಕೋರ್ಟ್ ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟಿತು. ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಲಿಲ್ಲ. ಡಿಸೆಂಬರ್ 13ರಂದು ಸಿಕ್ಕ ಪೂರ್ಣ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಇಂಥ ಪ್ರಕರಣ ನಾಡಿನ ಮನೆಮನೆಯಲ್ಲೂ ಚರ್ಚೆಯಾಗುತ್ತದೆ. ಆದ್ದರಿಂದ ವೈದ್ಯಕೀಯ ಜಾಮೀನು ಅಂದರೆ ಉಳ್ಳವರ ಉಪಾಯ ಎಂಬ ಭಾವನೆ ಬೇರೂರುತ್ತದೆ. ಅದರ ಪೆಟ್ಟು ಬೀಳುವುದು, ಹೆಸರೂ ವಕೀಲರೂ ಇಲ್ಲದ ನಿಜವಾದ ರೋಗಿಗಳ ಮೇಲೆ.

ವೈದ್ಯರ ಅಂದಾಜು ತಪ್ಪಾಗುವುದೂ ಉಂಟು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ವಿಮಾನ ಸ್ಫೋಟಿಸಿ 270 ಮಂದಿ ಸತ್ತ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಲಿಬಿಯಾದ ಮೆಗ್ರಾಹಿಯನ್ನು ಸ್ಕಾಟ್ಲೆಂಡ್ ಸರ್ಕಾರ 2009ರ ಆಗಸ್ಟ್ 20ರಂದು ಬಿಟ್ಟಿತು. ಪ್ರಾಸ್ಟೇಟ್ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿದೆ, ಬದುಕುವುದು ಇನ್ನು ಮೂರು ತಿಂಗಳು ಎಂಬ ಅಂದಾಜಿನ ಮೇಲೆ ಆ ತೀರ್ಮಾನವಾಗಿತ್ತು. ಆತ ಬದುಕಿದ್ದು 2012ರ ಮೇ ತಿಂಗಳವರೆಗೆ. ಸತ್ತವರ ಮನೆಯವರು ಸಿಟ್ಟಾದದ್ದು ಸಹಜ. ಪಾಲಾರ್‌ನಲ್ಲಿ ಸತ್ತ 22 ಮಂದಿಗೂ ಮನೆಗಳಿದ್ದವು, ಅವರಿಗೆ ಕೊನೆಯ ದಿನಗಳನ್ನು ಮಕ್ಕಳೊಡನೆ ಕಳೆಯುವ ಅವಕಾಶ ಸಿಗಲಿಲ್ಲ. ಈ ನೋವನ್ನು ಬದಿಗಿಟ್ಟು ಬಿಡುಗಡೆಯ ಮಾತಾಡಿದರೆ ಅದು ಅನ್ಯಾಯ. ಆದರೆ ನ್ಯಾಯಾಲಯ ವಿಧಿಸಿದ್ದು ಸ್ವಾತಂತ್ರ್ಯ ಕಸಿಯುವ ಶಿಕ್ಷೆ. ಚಿಕಿತ್ಸೆಯಿಲ್ಲದೆ ನರಳಬೇಕೆಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಅಂದಾಜು ತಪ್ಪಬಹುದೆಂಬ ಭಯಕ್ಕೆ ಷರತ್ತು ಇದೆ, ನಿಗದಿತ ಅವಧಿಗೊಮ್ಮೆ ತಪಾಸಣೆ ಇದೆ, ಚೇತರಿಸಿಕೊಂಡರೆ ಮರಳಿ ಕರೆಸುವ ಆದೇಶವೂ ಇದೆ.

ಬಿಡುಗಡೆ ಎಂಬುದು ಬೆದರಿಕೆಗೆ ಮಣಿದು ಕೊಡುವಂಥದ್ದೂ ಅಲ್ಲ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ, ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆಯನ್ನು ಬೇಡಿಕೆಯಾಗಿ ಇಟ್ಟ. ಕರ್ನಾಟಕ ಸರ್ಕಾರ ಒಪ್ಪಿ ಮೊಕದ್ದಮೆ ಹಿಂಪಡೆಯಲು ಹೊರಟಿತು. ಕಾಡಿನ ಕಾರ್ಯಾಚರಣೆಯಲ್ಲಿ ಮಡಿದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್‌ಗೆ ಹೋದರು. ಅದೇ ವರ್ಷದ ನವೆಂಬರ್ 7ರಂದು ಆ ಹಿಂಪಡೆತವನ್ನು ನ್ಯಾಯಾಲಯ ತಡೆಯಿತು. ಮಗನನ್ನು ಕಳೆದುಕೊಂಡ ತಂದೆಯ ಮಾತಿಗೆ ನ್ಯಾಯಾಲಯದಲ್ಲಿ ತೂಕ ಸಿಕ್ಕಿದ್ದು ಸರಿಯಾಗಿಯೇ ಇತ್ತು. ಗುಂಪಾಗಿ, ಹೆದರಿ, ಕಾರಣ ಹೇಳದೆ ಬಿಡುವುದಕ್ಕೂ, ಒಬ್ಬೊಬ್ಬರ ಸ್ಥಿತಿಯನ್ನು ಪರೀಕ್ಷಿಸಿ, ಕಾರಣ ಬರೆದು ಬಿಡುವುದಕ್ಕೂ ಇರುವ ಅಂತರ ಆ ಪ್ರಕರಣದಿಂದ ತಿಳಿಯುತ್ತದೆ.

ಜೈಲಿನ ಒಳಗೆ ಈ ಕೆಲಸ ನಡೆಯುವ ಬಗೆಯಲ್ಲೇ ಹೆಚ್ಚಿನ ತೊಡಕು. ಕೈದಿ ಮೊದಲು ಕಾರಾಗೃಹದ ವೈದ್ಯರ ಬಳಿಗೆ ಹೋಗುತ್ತಾನೆ. ಅಲ್ಲಿ ಆಗದಿದ್ದರೆ ಹೊರಗಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮೈಸೂರಿನಲ್ಲಾದರೆ ಅದು ಕೆ.ಆರ್. ಆಸ್ಪತ್ರೆ, ಕ್ಯಾನ್ಸರ್ ಆದರೆ ಬೆಂಗಳೂರಿನ ಕಿದ್ವಾಯಿ. ಹೋಗಲು ಪೊಲೀಸ್ ಬೆಂಗಾವಲು ಬೇಕು. ಚುನಾವಣೆಯೋ ಹಬ್ಬದ ಬಂದೋಬಸ್ತೋ ಇದ್ದರೆ ಬೆಂಗಾವಲಿಗೆ ಜನ ಸಿಗುವುದಿಲ್ಲ, ಆ ವಾರದ ಕಿಮೋಥೆರಪಿ ಮುಂದಕ್ಕೆ ಹೋಗುತ್ತದೆ. ಬಿಡುಗಡೆಯ ಪ್ರಸ್ತಾಪಕ್ಕೆ ವೈದ್ಯಕೀಯ ಮಂಡಳಿಯ ವರದಿ ಬೇಕು, ಕೈದಿಯ ಊರಿನ ಪೊಲೀಸರ ಅಭಿಪ್ರಾಯ ಬೇಕು, ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯ ಬೇಕು. ಆಮೇಲೆ ಕಡತ ಗೃಹ ಇಲಾಖೆಗೆ ಏರಬೇಕು. ಇವುಗಳಲ್ಲಿ ಯಾವುದೂ ಅನವಶ್ಯಕವಲ್ಲ. ಆದರೆ ಒಂದೊಂದು ಹಂತಕ್ಕೆ ಇಂತಿಷ್ಟು ದಿನ ಎಂಬ ಕಟ್ಟುನಿಟ್ಟು ಇಲ್ಲದಿದ್ದರೆ ಎಲ್ಲವೂ ಸೇರಿ ರೋಗಿಯ ಆಯುಷ್ಯಕ್ಕಿಂತ ಉದ್ದವಾಗುತ್ತವೆ.

ಪುಣಜನೂರು ಸೀಮೆಯ ಸೋಲಿಗರಿಗೆ ಇದರ ಮೇಲೆ ಇನ್ನೆರಡು ಕಷ್ಟಗಳಿವೆ. ಒಂದು ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ. ಅದು ಈ ಸಮುದಾಯದಲ್ಲಿದೆ ಎಂಬುದನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸ ಹೊರಗೆ ತಂದಿತು. ಚಳಿ, ನೀರು ಕಡಿಮೆಯಾಗುವುದು, ಸೋಂಕು ಇವುಗಳಿಂದ ಮೈಕೈ ಹಿಂಡುವ ನೋವು ಒಮ್ಮೆಲೇ ಬರುತ್ತದೆ, ಆಗ ಗಂಟೆಗಳೊಳಗೆ ಚಿಕಿತ್ಸೆ ಬೇಕು. ಹೊರನೋಟಕ್ಕೆ ಆಳು ಗಟ್ಟಿಯಾಗಿಯೇ ಕಾಣುವುದರಿಂದ ನಟನೆ ಎಂದು ತಳ್ಳಿಹಾಕುವ ಅಪಾಯವಿದೆ. ಜೈಲಿಗೆ ಸೇರಿಸಿಕೊಳ್ಳುವ ದಿನವೇ ರಕ್ತಪರೀಕ್ಷೆ ಮಾಡಿ ದಾಖಲಿಸುವುದು ಇದಕ್ಕೆ ಸರಳ ಪರಿಹಾರ.

ಇನ್ನೊಂದು ಜಾಮೀನುದಾರರ ಪ್ರಶ್ನೆ. ನ್ಯಾಯಾಲಯ ಜಾಮೀನು ಕೊಟ್ಟ ಮೇಲೂ ಶ್ಯೂರಿಟಿಗೆ ನಿಲ್ಲುವವರು ಪಹಣಿಯನ್ನೋ ಮನೆಯ ಪತ್ರವನ್ನೋ ತರಬೇಕು. ಸೋಲಿಗರ ಹಾಡಿಯಾದ ಪೋಡಿನಲ್ಲಿ ಪಹಣಿ ಇರುವವರು ವಿರಳ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಆ ಭೂಮಿಯನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಆದ್ದರಿಂದ ಶ್ಯೂರಿಟಿಗೆ ಅದರ ತೂಕ ಕಡಿಮೆ. ಜಾಮೀನು ಸಿಕ್ಕಿಯೂ ಒಳಗೇ ಉಳಿದವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿದೆ. ಕೈದಿಯ ಆರ್ಥಿಕ ಸ್ಥಿತಿಯ ವರದಿ ತರಿಸಿ ಷರತ್ತು ಸಡಿಲಿಸುವ ದಾರಿಯನ್ನು ಅದು ತೋರಿಸಿದೆ. ನ್ಯಾಯವ್ಯಾಪ್ತಿ ಬಿಟ್ಟು ಹೋಗಬಾರದೆಂಬ ಷರತ್ತೂ ಗಡಿಯವರನ್ನು ಹೆಚ್ಚು ಕಾಡುತ್ತದೆ. ಆರೈಕೆ ಮಾಡುವ ಮಗಳು ತಾಳವಾಡಿಯಲ್ಲಿದ್ದರೆ, ಚಾಮರಾಜನಗರದ ನ್ಯಾಯಾಲಯ ಬಿಟ್ಟ ರೋಗಿ ಚೆಕ್‌ಪೋಸ್ಟ್ ದಾಟಲು ಮತ್ತೆ ಅನುಮತಿ ಕೇಳಬೇಕು. ಆದೇಶ ಬರೆಯುವಾಗಲೇ ರೋಗಿಯನ್ನು ನೋಡಿಕೊಳ್ಳುವವರು ಎಲ್ಲಿದ್ದಾರೆಂದು ವಿಚಾರಿಸಿದರೆ ಈ ಅಲೆದಾಟ ತಪ್ಪುತ್ತದೆ. ನೋಡಿಕೊಳ್ಳುವವರೇ ಇಲ್ಲದವರೂ ಇದ್ದಾರೆ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಆರೈಕೆಯ ಕೇಂದ್ರಗಳೊಡನೆ ಕಾರಾಗೃಹ ಇಲಾಖೆ ಮೊದಲೇ ಏರ್ಪಾಡು ಮಾಡಿಕೊಳ್ಳದಿದ್ದರೆ, ಬಿಡುಗಡೆ ಎಂದರೆ ರೋಗಿಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟಂತೆ.

ಈಚೆಗೆ ಒಂದು ಒಳ್ಳೆಯ ಬೆಳವಣಿಗೆ ಆಗಿದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2024ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನದಂದು, ವೃದ್ಧ ಕೈದಿಗಳಿಗಾಗಿ ಮತ್ತು ಗುಣವಾಗದ ಕಾಯಿಲೆಯ ಕೈದಿಗಳಿಗಾಗಿ ವಿಶೇಷ ಅಭಿಯಾನ ಆರಂಭಿಸಿತು. 2025ರಲ್ಲಿ ಅಂಥವರ ಬಿಡುಗಡೆ ಕೋರಿ ತಾನೇ ಸುಪ್ರೀಂ ಕೋರ್ಟ್‌ಗೆ ಅರ್ಜಿ ಸಲ್ಲಿಸಿತು. ಕೈದಿ ಕೇಳುವವರೆಗೆ ಕಾಯದೆ ಸಂಸ್ಥೆಯೇ ಕೈದಿಯನ್ನು ಹುಡುಕಿಕೊಂಡು ಹೋಗುವುದು ಸರಿಯಾದ ಕ್ರಮ. ಹಾಸಿಗೆ ಹಿಡಿದವನು ಅರ್ಜಿ ಬರೆಯಲಾರ.

ಕೈದಿಗಳ ಮನೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಬಂಧನದಲ್ಲಿರುವ ಯಾವುದೇ ವ್ಯಕ್ತಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹ. ಜೈಲಿನಲ್ಲಿರುವವರ ಕಾಯಿಲೆ ಉಲ್ಬಣಿಸಿದೆ ಎಂದು ಗೊತ್ತಾದ ದಿನವೇ ಕಾರಾಗೃಹದ ಅಧೀಕ್ಷಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಬೇಕು. ಅದರ ಪ್ರತಿಯನ್ನು ಆಸ್ಪತ್ರೆಯ ಚೀಟಿಗಳೊಂದಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಲುಪಿಸಬೇಕು. ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಅಲ್ಲಿಗೆ ಹೋಗಲಾಗದವರು 15100 ಸಂಖ್ಯೆಗೆ ಕರೆ ಮಾಡಬಹುದು.